ಪಹಣಿಯಲ್ಲಿ ಹೆಸರು, ಹೊಲದಲ್ಲಿ ಫಲಕ

ಪಾವಗಡ ಸೋಲಾರ್ ಪಾರ್ಕ್‌ಗೆ ಬೇಕಾದ ಸುಮಾರು 13,000 ಎಕರೆಯಲ್ಲಿ ಬಹುಪಾಲು ರೈತರಿಂದ ಗುತ್ತಿಗೆಗೆ ಪಡೆದದ್ದು, ಭೂಸ್ವಾಧೀನದಿಂದ ಬಂದದ್ದಲ್ಲ. ತಿರುಮಣಿ, ವಳ್ಳೂರು, ಬಳಸಮುದ್ರ ಮೊದಲಾದ ಊರುಗಳ ರೈತರು 28 ವರ್ಷಕ್ಕೆ ಜಮೀನು ಬಿಟ್ಟುಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಬಿತ್ತಿದ ಕಡಲೆಕಾಯಿ ಬೀಜದ ಖರ್ಚೂ ಹುಟ್ಟದ ವರ್ಷಗಳನ್ನು ಕಂಡ ಸೀಮೆಗೆ ಇದು ಸಣ್ಣ ಮೊತ್ತವಾಗಿರಲಿಲ್ಲ.

ಸಣ್ಣದಾಗುವುದು ಮುಂದೆ. ಈ ದರದಲ್ಲಿ ಕೊನೆಯ ಎರಡು ವರ್ಷಗಳ ಬಾಡಿಗೆ ಎಕರೆಗೆ ಸುಮಾರು 39,600 ರೂಪಾಯಿ. ಬೆಲೆಯೇರಿಕೆ ವರ್ಷಕ್ಕೆ ಶೇ 5 ಎಂದಿಟ್ಟುಕೊಂಡರೆ, ಆ ಹಣಕ್ಕೆ ಅಂದು ಸಿಗುವ ಸಾಮಾನು ಗುತ್ತಿಗೆಯ ಮೊದಲ ವರ್ಷದಲ್ಲಿ ಸುಮಾರು 11,000 ರೂಪಾಯಿಗೆ ಸಿಗುತ್ತಿತ್ತು. ಎರಡು ವರ್ಷಕ್ಕೆ ಶೇ 5 ಎಂದರೆ ವರ್ಷಕ್ಕೆ ಎರಡೂವರೆಗೂ ಕಡಿಮೆ. ಮೊದಲ ಕಂತಿನ ಚೆಕ್ಕಿಗಿಂತ ಏರಿಕೆಯ ಷರತ್ತಿನ ಮೇಲೆ ಚೌಕಾಸಿ ನಡೆಯಬೇಕಾದದ್ದು ಇದಕ್ಕೇ.

ಬಾಡಿಗೆ ಸೇರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಖಾತೆ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದ್ದರೆ ಪೌತಿ ಖಾತೆ ಆಗುವವರೆಗೆ ಹಣ ನಿಲ್ಲುತ್ತದೆ. ಬಗರ್‌ಹುಕುಂ ಸಾಗುವಳಿದಾರರಿಗೂ ಕೂಲಿಯವರಿಗೂ ಅದರಲ್ಲಿ ಪಾಲೇ ಇಲ್ಲ. ಒಂದು ವರ್ಷ ಮೀರಿದ ಗುತ್ತಿಗೆ ಪತ್ರ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯಾಗಬೇಕು. ಆ ಬಳಿಕ ಪಹಣಿಯ ಋಣಗಳ ಕಾಲಂನಲ್ಲಿ ಏನು ಬರೆದಿದೆ ಎಂದು ಆಗಾಗ ನೋಡುವುದು ಲೇಸು. ಜಮೀನು ಒಪ್ಪಿಸುವ ಮೊದಲೇ ಹದ್ದುಬಸ್ತು ಮಾಡಿಸಿ ನಕ್ಷೆ ಇಟ್ಟುಕೊಳ್ಳಬೇಕು. ಬದು ಒಡೆದು, ಬಾಂದುಕಲ್ಲು ಕಿತ್ತು, ನೂರಾರು ಎಕರೆ ಒಂದೇ ಬಯಲಾದ ಮೇಲೆ ತನ್ನ ಮೂರೆಕರೆ ಎಲ್ಲಿತ್ತೆಂದು ಮೊಮ್ಮಗ ಹೇಗೆ ತೋರಿಸಿಯಾನು? ಗುತ್ತಿಗೆ ಮುಗಿದಾಗ ಕಾಂಕ್ರೀಟ್ ಬುನಾದಿ ಕೀಳುವ ಖರ್ಚು ಯಾರದೆಂಬುದೂ ಪತ್ರದಲ್ಲೇ ಇರಬೇಕು.

ತೆರಿಗೆಯ ವಿಷಯದಲ್ಲಿ ಹಲವರು ಎಡವುತ್ತಾರೆ. ಬೆಳೆಯ ಆದಾಯಕ್ಕಿರುವ ವಿನಾಯಿತಿ ಫಲಕಗಳ ಬಾಡಿಗೆಗಿಲ್ಲ. ಅದು ಕೃಷಿ ಆದಾಯವಲ್ಲ. ರಿಟರ್ನ್ಸ್‌ನಲ್ಲಿ ತೋರಿಸಲೇಬೇಕು.

ವಿದ್ಯುತ್ ಮಾರ್ಗದ ಕಥೆ ಬೇರೆ. ಇಲ್ಲಿ ಗುತ್ತಿಗೆಯೂ ಇಲ್ಲ, ಖರೀದಿಯೂ ಇಲ್ಲ. 2003ರ ವಿದ್ಯುತ್ ಕಾಯ್ದೆಯ 164ನೇ ಕಲಮಿನಡಿ, 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರ ಪಡೆದ ಸಂಸ್ಥೆ ರೈತನ ಒಪ್ಪಿಗೆಗೆ ಕಾಯದೆ ಟವರ್ ನಿಲ್ಲಿಸಬಹುದು. ಆದರೆ ಆದ ಹಾನಿಗೆ ಪೂರ್ಣ ಪರಿಹಾರ ಕೊಡಬೇಕು. ಈ ಅಂಕಣಕಾರನ ಮನೆಯ ತೋಟದಲ್ಲೂ ಟವರ್ ಎದ್ದಿತು. ಕಡಿದ ತೆಂಗಿನ ಮರಗಳಿಗೆ ಹಣ ಬಂತು, ಹಿರಿಯರು ರಸೀದಿಗೆ ಸಹಿ ಹಾಕಿದರು. ‘ಎಲ್ಲ ಪರಿಹಾರ ಸಂದಿದೆ’ ಎಂಬ ಸಾಲು ಅದರಲ್ಲಿದ್ದದ್ದು ಕಣ್ಣಿಗೆ ಬಿದ್ದದ್ದು ವರ್ಷಗಳಾದ ಮೇಲೆ. ಮರದ ಬೆಲೆ, ಬೆಳೆನಷ್ಟ, ಭೂಮಿಯ ಮೌಲ್ಯದ ಕುಸಿತ ಮೂರೂ ಬೇರೆ ಬೇರೆ ಬಾಬ್ತುಗಳೆಂಬುದು ಆಗ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕೇಂದ್ರ ಇಂಧನ ಸಚಿವಾಲಯದ 2015ರ ಮಾರ್ಗಸೂಚಿ ಟವರ್ ನಿಂತ ಜಾಗಕ್ಕೆ ಭೂಮೌಲ್ಯದ ಶೇ 85, ತಂತಿಯ ಕೆಳಗಿನ ಪಟ್ಟಿಗೆ ಗರಿಷ್ಠ ಶೇ 15 ಎಂದಿತ್ತು. 2024ರ ಜೂನ್‌ನಲ್ಲಿ ಇವು ಶೇ 200 ಮತ್ತು ಶೇ 30ಕ್ಕೆ ಏರಿದವು. ಪರಿಹಾರ ಸಾಲದೆನಿಸಿದವರು ಟೆಲಿಗ್ರಾಫ್ ಕಾಯ್ದೆಯ 16ನೇ ಕಲಮಿನಡಿ ಜಿಲ್ಲಾ ನ್ಯಾಯಾಧೀಶರಿಗೆ ಅರ್ಜಿ ಹಾಕಬಹುದು. ಮರಗಳ ಎಣಿಕೆಯ ಮಹಜರು, ಫೋಟೊ, ನೋಟಿಸಿನ ಪ್ರತಿ ಅಲ್ಲಿ ಬೇಕಾಗುವ ದಾಖಲೆಗಳು.