ಇವಿ ಕೊಳ್ಳುವ ಮೊದಲು ಪಾರ್ಕಿಂಗ್ ನೋಡಿ

ಮುಂಬೈಯಲ್ಲಿ ಮನೆಗೊಂದು ವಿದ್ಯುತ್ ಕಾರು ತರಬೇಕೆನ್ನುವವರು ಶೋರೂಮಿಗೆ ಹೋಗುವ ಮೊದಲು ತಮ್ಮ ಕಟ್ಟಡದ ಮೀಟರ್ ರೂಮಿಗೆ ಒಮ್ಮೆ ಹೋಗಿ ಬರಬೇಕು. ಅಲ್ಲಿಂದ ನಿಮ್ಮ ಗಾಡಿ ನಿಲ್ಲುವ ಜಾಗಕ್ಕೆ ಎಷ್ಟು ಉದ್ದದ ಕೇಬಲ್ ಬೇಕು, ಆ ಜಾಗ ನಿಮಗೇ ಅಲಾಟ್ ಆಗಿದೆಯೇ, ಸೊಸೈಟಿ ಎನ್‌ಒಸಿ ಕೊಡುತ್ತದೆಯೇ ಎಂದು ತಿಳಿಯದೆ ಬುಕಿಂಗ್ ಹಣ ಕಟ್ಟಬೇಡಿ. ಬ್ಯಾಟರಿ, ರೇಂಜ್, ಸನ್‌ರೂಫ್ ಎಲ್ಲ ಆಮೇಲಿನ ಮಾತು.

ಮುಲುಂಡಿನ ನಮ್ಮ ಮನೆಯ ಕಾರಿಗೆ ವಾರದ ದಿನಗಳಲ್ಲಿ ಬಿಡುವಿಲ್ಲ. ಐರೋಲಿ ಸೇತುವೆ ದಾಟಿ ಹೆಂಡತಿಯನ್ನು ಅವಳ ಆಫೀಸಿಗೆ ಬಿಟ್ಟು ನಾನು ಬೇಲಾಪುರಕ್ಕೆ ಹೋಗುತ್ತೇನೆ, ಸಂಜೆ ಅದೇ ದಾರಿ. ತಿಂಗಳಿಗೆ 1,100 ಕಿ.ಮೀ. ಆಸುಪಾಸು. ಈ ಊರಲ್ಲಿ ಪೆಟ್ರೋಲ್ ಲೀಟರಿಗೆ ನೂರು ದಾಟಿದ್ದು 2021ರ ಮೇ 29ರಂದು. ಆಮೇಲೆ ನೂರರ ಕೆಳಗೆ ಇಳಿದಿಲ್ಲ. ಟ್ರಾಫಿಕ್ಕಿನಲ್ಲಿ ಲೀಟರಿಗೆ 13 ಕಿ.ಮೀ. ಕೊಡುತ್ತಿದ್ದ ನಮ್ಮ ಹಳೆಯ ಕಾರಿಗೆ ಕಿಲೋಮೀಟರಿಗೆ 8 ರೂಪಾಯಿ ಬೀಳುತ್ತಿತ್ತು. ಈಗಿನ ವಿದ್ಯುತ್ ಕಾರು ಯೂನಿಟ್‌ಗೆ 6 ಕಿ.ಮೀ. ಓಡುತ್ತದೆ. ತೆರಿಗೆ, ಸ್ಥಿರ ಶುಲ್ಕ ಎಲ್ಲ ಸೇರಿ ಯೂನಿಟ್‌ಗೆ 9 ರೂ. ಹಿಡಿದರೂ ಕಿಲೋಮೀಟರಿಗೆ ಒಂದೂವರೆ ರೂಪಾಯಿ. ತಿಂಗಳಿಗೆ 7,000 ರೂಪಾಯಿಗೂ ಹೆಚ್ಚು ಉಳಿತಾಯ. ಕಾರಿನ ಆನ್‌ರೋಡ್ ಬೆಲೆಯಲ್ಲಿ 3 ಲಕ್ಷ ಹೆಚ್ಚು ಕೊಟ್ಟಿದ್ದರೂ ಮೂರೂವರೆ ವರ್ಷಕ್ಕೆ ಅದು ತೀರುತ್ತದೆ.

ಆದರೆ ಇದೇ ಲೆಕ್ಕವನ್ನು ನೆರೆಮನೆಯವರಿಗೆ ಹಚ್ಚಿದರೆ ಉತ್ತರ ಬೇರೆ. ಅವರು ಆಫೀಸಿಗೆ ಹೋಗುವುದು ಲೋಕಲ್ ಟ್ರೇನಿನಲ್ಲಿ. ಕಾರು ಹೊರಬರುವುದು ಭಾನುವಾರ, ಮದುವೆ, ಆಸ್ಪತ್ರೆಗೆ ಮಾತ್ರ, ತಿಂಗಳಿಗೆ 400 ಕಿ.ಮೀ. ಅವರಿಗೆ ಆ 3 ಲಕ್ಷ ವಾಪಸು ಬರಲು ಒಂಬತ್ತೂವರೆ ವರ್ಷ ಬೇಕು. ಸಿಎನ್‌ಜಿ ಕಾರಿದ್ದವರ ಲೆಕ್ಕ ಇನ್ನೂ ಬಿಗಿ. ಕಿಲೋಗೆ 80 ರೂಪಾಯಿ, 22 ಕಿ.ಮೀ. ಮೈಲೇಜ್ ಎಂದರೆ ಕಿಲೋಮೀಟರಿಗೆ ಮೂರೂವರೆ ರೂಪಾಯಿ ಚಿಲ್ಲರೆ. ನನ್ನಷ್ಟೇ ಓಡಿಸಿದರೂ ಅವರಿಗೆ ಹನ್ನೊಂದು ವರ್ಷ ಹಿಡಿಯುತ್ತದೆ. ಹೆಚ್ಚಿನ ಕಂಪನಿಗಳ ಬ್ಯಾಟರಿ ವಾರಂಟಿ 8 ವರ್ಷ ಅಥವಾ 1,60,000 ಕಿ.ಮೀ., ಅಂದರೆ ಇವರಿಬ್ಬರಿಗೂ ಹಣ ಮರಳುವ ಮೊದಲೇ ವಾರಂಟಿ ಮುಗಿದಿರುತ್ತದೆ. ಅದಕ್ಕೇ ಹೇಳುತ್ತೇನೆ: ತಿಂಗಳಿಗೆ ಸಾವಿರ ಕಿ.ಮೀ. ಓಡಿಸದವರು ಗಾಳಿ ಶುದ್ಧವಾಗಲಿ ಎಂದು ಇವಿ ಕೊಳ್ಳಬಹುದು, ಅದು ಒಳ್ಳೆಯ ಕಾರಣವೇ. ಹಣ ಉಳಿಯುತ್ತದೆ ಎಂಬ ಆಸೆಗೆ ಕೊಳ್ಳಬಾರದು.

ಒಂದೂವರೆ ರೂಪಾಯಿಯ ಈ ಲೆಕ್ಕ ನಿಲ್ಲುವುದು ಮನೆಯ ಚಾರ್ಜರಿನ ಮೇಲೆ. ಹೊರಗಿನ ಫಾಸ್ಟ್ ಚಾರ್ಜರಿನಲ್ಲಿ ಯೂನಿಟ್‌ಗೆ 20 ರೂಪಾಯಿ ಆಸುಪಾಸು ಕೊಟ್ಟರೆ ಸಿಎನ್‌ಜಿಗೂ ಅದಕ್ಕೂ ಅಂತರವೇ ಉಳಿಯುವುದಿಲ್ಲ. ನಮ್ಮ ಸೊಸೈಟಿಯಲ್ಲಿ ಎನ್‌ಒಸಿ ಸಿಗಲು ತಿಂಗಳುಗಳೇ ಹಿಡಿದವು. ಬೆಂಕಿ ಹತ್ತಿಕೊಂಡರೆ ಯಾರು ಹೊಣೆ ಎಂಬುದು ಕಮಿಟಿಯ ಪ್ರಶ್ನೆ, ಆ ಭಯ ಸುಳ್ಳಲ್ಲ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನಿನ ವರದಿ, ಬೇರೆ ಅರ್ಥಿಂಗ್, ಪಾರ್ಕಿಂಗಿನಲ್ಲೇ ಕೈಗೆ ಸಿಗುವ ಮೇನ್ ಸ್ವಿಚ್, ಖರ್ಚೆಲ್ಲ ನನ್ನದೆಂಬ ಬರವಣಿಗೆ, ಇಷ್ಟನ್ನು ಮುಂದಿಟ್ಟ ಮೇಲೆ ಒಪ್ಪಿದರು. ಕೇಬಲ್, ಕೂಲಿ ಸೇರಿ 30 ಸಾವಿರಕ್ಕೂ ಮೇಲೆ ಹೋಯಿತು. ಇದನ್ನೂ ಕಾರಿನ ಬೆಲೆಗೇ ಸೇರಿಸಿಕೊಳ್ಳಿ.

ಚಾರ್ಜರಿಗೆ ಪ್ರತ್ಯೇಕ ಮೀಟರ್ ಹಾಕಿಸಿ. ಮನೆಯ ಮೀಟರಿಗೇ ಜೋಡಿಸಿದರೆ ತಿಂಗಳಿಗೆ ಇನ್ನೂರು ಯೂನಿಟ್ ಹೆಚ್ಚಾಗಿ, ಎಸಿ ಓಡುವ ಏಪ್ರಿಲ್-ಮೇಯಲ್ಲಿ ಆ ಹೆಚ್ಚಿನ ಯೂನಿಟ್‌ಗಳಿಗೆ ಮೇಲಿನ ಸ್ಲ್ಯಾಬಿನ ದರ ಬೀಳುತ್ತದೆ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಂದ ತಿದ್ದುಪಡಿಯ ಪ್ರಕಾರ ಇವಿ ಚಾರ್ಜಿಂಗಿಗೆ ಬೇರೆ ಕನೆಕ್ಷನ್ ಕೇಳುವುದು ಗ್ರಾಹಕನ ಹಕ್ಕು. ಮಹಾನಗರಗಳಲ್ಲಿ ಹೊಸ ಕನೆಕ್ಷನ್ ಕೊಡಲು ಮೂರು ದಿನದ ಗಡುವು ಇದೆ. ದಕ್ಷಿಣ ಮುಂಬೈಯ ಬೆಸ್ಟ್ ಇರಲಿ, ಉಪನಗರದ ಅದಾನಿ, ಟಾಟಾ ಪವರ್ ಇರಲಿ, ನಮ್ಮ ಕಡೆಯ ಮಹಾವಿತರಣ ಇರಲಿ, ನಿಯಮ ಒಂದೇ.

ಸರ್ಕಾರದಿಂದ ನಿಜವಾಗಿ ಸಿಗುವುದೇನು? ಮಹಾರಾಷ್ಟ್ರದಲ್ಲಿ 10 ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ ಶೇ 11, 20 ಲಕ್ಷದೊಳಗಿನದಕ್ಕೆ ಶೇ 12 ರಸ್ತೆ ತೆರಿಗೆ. ಇವಿಗೆ ಅದು ಮಾಫಿ. ಜಿಎಸ್‌ಟಿ ಶೇ 5 ಮಾತ್ರ. 2025ರ ಆಗಸ್ಟ್‌ನಿಂದ ಅಟಲ್ ಸೇತುವಿನಲ್ಲಿ ಒಂದು ಸಲಕ್ಕೆ 250 ರೂಪಾಯಿಯ ಟೋಲೂ ಇವಿಗಳಿಗಿಲ್ಲ. ಆದರೆ ಕಾರು ಸಾಲದ ಬಡ್ಡಿಯ ಮೇಲೆ ಒಂದೂವರೆ ಲಕ್ಷದ ಆದಾಯ ತೆರಿಗೆ ವಿನಾಯಿತಿ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 80ಇಇಬಿ ವಿನಾಯಿತಿ 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಕ್ಕೆ ಮಾತ್ರ.

ನಮ್ಮವರು ಕೇಳುವ ಮೊದಲ ಪ್ರಶ್ನೆ ಮಾತ್ರ ಇದ್ಯಾವುದೂ ಅಲ್ಲ. “ಊರಿಗೆ ಹೋಗ್ಲಿಕ್ಕೆ ಆಗ್ತದಾ ಮಾರಾಯ್ರೇ?” ಉಡುಪಿ, ಕುಂದಾಪುರ, ಮಂಗಳೂರಿನ ಕಡೆಯ ಯಾರೇ ಸಿಕ್ಕಲಿ, ಇದೇ ಪ್ರಶ್ನೆ. ಆಗುತ್ತದೆ. ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ದಾರಿಯಲ್ಲಿ ಊಟ, ಚಹಾಕ್ಕೆ ನಿಲ್ಲುವಲ್ಲೇ ಚಾರ್ಜ್ ಮಾಡಿಕೊಂಡು ಹೋಗಬಹುದು, ನಾವು ಹೋಗಿದ್ದೇವೆ. ರಜೆಯ ದಿನಗಳಲ್ಲಿ ಚಾರ್ಜರಿನ ಮುಂದೆ ಸರದಿ ಇರುತ್ತದೆ, ಒಂದು ರಾತ್ರಿ ದಾರಿಯಲ್ಲಿ ಉಳಿಯುವ ಮನಸ್ಸಿರಬೇಕು. ನನ್ನ ತಕರಾರು ಬೇರೆ. ವರ್ಷಕ್ಕೊಮ್ಮೆಯ ಈ ಪ್ರಯಾಣಕ್ಕಾಗಿಯೇ ಅನೇಕರು 2 ಲಕ್ಷ ಹೆಚ್ಚು ಕೊಟ್ಟು ದೊಡ್ಡ ಬ್ಯಾಟರಿಯ ಮಾದರಿ ಕೊಳ್ಳುತ್ತಾರೆ. ಶೇ 9ರ ಬಡ್ಡಿಯಲ್ಲಿ ಐದು ವರ್ಷಕ್ಕೆ ಅದರ ಕಂತು ತಿಂಗಳಿಗೆ 4,150 ರೂ., ವರ್ಷಕ್ಕೆ ಸುಮಾರು 50 ಸಾವಿರ. ಅಷ್ಟು ಹಣದಲ್ಲಿ ನಾಲ್ಕು ಜನ ಮತ್ಸ್ಯಗಂಧಾ ರೈಲಿನ ಎಸಿ ಬೋಗಿಯಲ್ಲಿ ಹೋಗಿ, ಊರಿನಲ್ಲಿ ವಾರವಿಡೀ ಬಾಡಿಗೆ ಕಾರು ಇಟ್ಟುಕೊಂಡು, ಅದೇ ರೈಲಿನಲ್ಲಿ ಮರಳಿದರೂ ಮಿಗುತ್ತದೆ. ಕಾರನ್ನು ದಿನದ ಓಡಾಟಕ್ಕೆ ತಕ್ಕಂತೆ ಆರಿಸಿ.

ಮಳೆಗಾಲದ ಮಾತನ್ನು ಮುಂಬೈಯವರಿಗೆ ಬೇರೆ ಹೇಳಬೇಕಿಲ್ಲ. ಬ್ಯಾಟರಿ ಪೆಟ್ಟಿಗೆ ನೀರು ತಡೆಯುವಂತೆಯೇ ಮಾಡಿರುತ್ತಾರೆ, ಆದರೂ ತಗ್ಗಿನ ಬೇಸ್‌ಮೆಂಟಿನಲ್ಲಿ ಗಾಡಿ ನಿಲ್ಲಿಸುವವರು ವಿಮೆಯಲ್ಲಿ ಬ್ಯಾಟರಿಗೆ ನೀರು ನುಗ್ಗಿದ ನಷ್ಟಕ್ಕೂ ರಕ್ಷಣೆ ಇದೆಯೇ ಎಂದು ಓದಿ ನೋಡಿ ಸಹಿ ಹಾಕಲಿ.

ಈಗಲೇ ಕೊಳ್ಳಬೇಕೇ ಎಂದರೆ, ಇರುವ ಕಾರು ಸರಿಯಾಗಿ ಓಡುತ್ತಿದ್ದರೆ ಅವಸರ ಬೇಡ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಇಳಿದು ಬೆಲೆಯ ಪೈಪೋಟಿ ಬಿಗಿಯಾಗಿದೆ. ಆದರೆ ಮುಂದಿನ ದಾರಿ ಯಾವ ಕಡೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಈ ನಗರದ ಹೊಗೆ ನೋಡಿ ಬಾಂಬೆ ಹೈಕೋರ್ಟ್ 2025ರ ಜನವರಿಯಲ್ಲಿ ಪೆಟ್ರೋಲ್, ಡೀಸೆಲ್ ಗಾಡಿಗಳನ್ನು ಹಂತಹಂತವಾಗಿ ಕೈಬಿಡುವ ಸಾಧ್ಯತೆ ಪರಿಶೀಲಿಸಲು ಹೇಳಿತು, ರಾಜ್ಯ ಸರ್ಕಾರ ಸಮಿತಿಯನ್ನೂ ಮಾಡಿತು.

ಇಂದು ಒಬ್ಬರಿಗೆ ಬೇಕಾದ ಚಾರ್ಜರ್ ನಾಳೆ ಕಟ್ಟಡದ ಅರ್ಧ ಜನಕ್ಕೆ ಬೇಕಾಗುತ್ತದೆ. ಒಬ್ಬೊಬ್ಬರೂ ಬೇರೆ ಬೇರೆ ಕೇಬಲ್ ಎಳೆಯುವ ಬದಲು ಸೊಸೈಟಿಯೇ ಒಮ್ಮೆ ಲೋಡ್ ಹೆಚ್ಚಿಸಿಕೊಂಡು, ಸಾಮಾನ್ಯ ಕೇಬಲ್ ದಾರಿ ಹಾಕಿದರೆ ಪ್ರತಿ ಮನೆಯ ಖರ್ಚು ಇಳಿಯುತ್ತದೆ, ಬೆಂಕಿಯ ಭಯವೂ ತಗ್ಗುತ್ತದೆ. ಸೊಸೈಟಿಗಳ ವಾರ್ಷಿಕ ಸಭೆ ಸೆಪ್ಟೆಂಬರ್ 30ರೊಳಗೆ ನಡೆಯಬೇಕು. ನೀವು ಕಾರು ಕೊಳ್ಳದಿದ್ದರೂ ಸರಿ, ಈ ವಿಷಯವನ್ನು ಈ ಸಲದ ಅಜೆಂಡಾದಲ್ಲಿ ಸೇರಿಸಿ ಎಂದು ಸೆಕ್ರೆಟರಿಗೆ ಒಂದು ಪತ್ರ ಕೊಡಿ.