ತೋಟದ ದಾರಿ: ಜಲ್ಲಿಗಿಂತ ಮೊದಲು ಮಣ್ಣು ನೋಡಿ

ಮಳೆಗಾಲದಲ್ಲಿ ಟೊಮೇಟೊ ತುಂಬಿದ ಗಾಡಿ ತೋಟದ ದಾರಿಯಲ್ಲೇ ಹೂತುಕೊಂಡರೆ ಆ ದಿನದ ಮಾರುಕಟ್ಟೆ ತಪ್ಪಿತೆಂದೇ ಲೆಕ್ಕ. ಪ್ರತಿ ವರ್ಷ ಒಂದೆರಡು ಲೋಡು ಜಲ್ಲಿ ಸುರಿಯುತ್ತೇವೆ, ಮುಂದಿನ ಮಳೆಗೆ ಅದೂ ಕೆಸರಿಗಿಳಿಯುತ್ತದೆ. ಜಲ್ಲಿ ಭಾರವನ್ನು ಹಂಚುತ್ತದೆ ಅಷ್ಟೆ. ಕೊನೆಗೆ ಹೊರಬೇಕಾದ್ದು ಕೆಳಗಿನ ಮಣ್ಣೇ.

ಹಲಸೂರಿನಿಂದ ಕೆ.ಆರ್.ಪುರಕ್ಕೆ ಹೋಗುವ ಹಳೇ ಮದ್ರಾಸ್ ರಸ್ತೆಯನ್ನೇ ನೋಡಿ. ದಿಣ್ಣೆಯಲ್ಲಿ ಕೆಂಪು ಮಣ್ಣು, ತಗ್ಗಿನಲ್ಲಿ ಕೆರೆ. ಬೆನ್ನಿಗಾನಹಳ್ಳಿ ಕೆರೆ, ವೆಂಗಯ್ಯನ ಕೆರೆ ಎರಡೂ ಆ ರಸ್ತೆಯ ಮಗ್ಗುಲಲ್ಲೇ ಇವೆ. ಈ ಸೀಮೆಯ ನಮ್ಮ ಜಮೀನುಗಳೂ ಹೀಗೇ. ಮರಳು ಬೆರೆತ ಕೆಂಪು ಮಣ್ಣು ನೀರು ಬಸಿದು ಗಟ್ಟಿಯಾಗಿ ನಿಲ್ಲುತ್ತದೆ. ಕೆರೆಯ ಗೋಡು ನೀರು ಹಿಡಿದಿಟ್ಟು ಮೆತ್ತಗಾಗುತ್ತದೆ. ಗೋಡು ಹೊಲಕ್ಕೆ ಬಂಗಾರ, ದಾರಿಗೆ ಮಾತ್ರ ಬೇಡ.

ಬಾಟಲಿ ಪರೀಕ್ಷೆ: ಗಾಜಿನ ಬಾಟಲಿಗೆ ಮೂರನೇ ಒಂದು ಪಾಲು ಮಣ್ಣು ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಸೇರಿಸಿ ಚೆನ್ನಾಗಿ ಕುಲುಕಿಡಿ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ. ಜೇಡಿ ಕೂರಲು ಒಂದು ದಿನವಾದರೂ ಬೇಕು. ಮರಳು ಹೆಚ್ಚು, ಜೇಡಿ ಸ್ವಲ್ಪ ಇದ್ದರೆ ದಾರಿಗೆ ಒಳ್ಳೇದು. ಬರೀ ಮರಳಾದರೆ ಉದುರುತ್ತದೆ, ಬರೀ ಜೇಡಿಯಾದರೆ ಜಾರುತ್ತದೆ. ಜೇಡಿ ಜಾಸ್ತಿ ಇದ್ದರೆ ಗರಸು ಬೆರೆಸಿ.

ಹದ: ಪ್ರತಿ ಮಣ್ಣಿಗೂ ಒಂದು ಹದದ ತೇವ ಇರುತ್ತದೆ, ಆ ತೇವದಲ್ಲಿ ದಮ್ಮಸು ಮಾಡಿದರೇ ಅದು ಅತಿ ಗಟ್ಟಿಯಾಗೋದು. ಅಮೆರಿಕದ ಪ್ರಾಕ್ಟರ್ ಎಂಬ ಎಂಜಿನಿಯರು ಅಣೆಕಟ್ಟೆಯ ಮಣ್ಣಿನ ಕೆಲಸದಲ್ಲಿ ಇದನ್ನು ಕಂಡು 1933ರಲ್ಲಿ ಬರೆದರು. ಇಂದಿಗೂ ರಸ್ತೆಯ ಮಣ್ಣನ್ನು ಅಳೆಯುವುದು ಅವರ ಹೆಸರಿನ ಪರೀಕ್ಷೆಯಿಂದಲೇ. ನಮಗೆ ಮುಷ್ಟಿ ಸಾಕು. ಹಿಸುಕಿದರೆ ಉಂಡೆಯಾಗಬೇಕು, ಅಂಗೈ ಒದ್ದೆಯಾಗಬಾರದು. ಸೊಂಟದೆತ್ತರದಿಂದ ಬಿಟ್ಟರೆ ನಾಲ್ಕೈದು ಹೋಳಾಗಬೇಕು. ಮೊದಲು ಬೇರು, ಕಸ ಇರುವ ಮೇಲ್ಮಣ್ಣು ತೆಗೆಯಿರಿ. ಆಮೇಲೆ ಒಂದೇ ಸಲಕ್ಕೆ ಒಂದಡಿ ತುಂಬದೆ 4ರಿಂದ 6 ಇಂಚಿನ ಪದರ ಹಾಕುತ್ತಾ ದಮ್ಮಸು ಮಾಡಿ.

ನೀರು: ಎಷ್ಟೇ ಗಟ್ಟಿ ಮಾಡಿದರೂ ನೀರು ನಿಂತರೆ ಕೆಲಸ ಕೆಟ್ಟಿತು. 10 ಅಡಿ ಅಗಲದ ಮಣ್ಣಿನ ದಾರಿಗೆ ನಡುಭಾಗ ಅಂಚಿಗಿಂತ 2ರಿಂದ 3 ಇಂಚು ಎತ್ತರ ಇರಲಿ. ಎರಡೂ ಬದಿ ಕಾಲುವೆ ತೆಗೆದು, ತಗ್ಗು ದಾಟುವಲ್ಲಿ ಮೋರಿ ಕೂರಿಸಿ. ಕಾಲುವೆಯ ನೀರು ಪಕ್ಕದವರ ಹೊಲಕ್ಕೆ ನುಗ್ಗದಂತೆ ಮೊದಲೇ ಮಾತಾಡಿಕೊಳ್ಳಿ.

ಸುಣ್ಣ: ಗೋಡು, ಎರೆಮಣ್ಣು ಬಿಟ್ಟು ಬೇರೆ ದಾರಿಯೇ ಇಲ್ಲದ ಕಡೆ 100 ಕಿಲೋ ಒಣಮಣ್ಣಿಗೆ 3ರಿಂದ 5 ಕಿಲೋ ಅರಳಿಸಿದ ಸುಣ್ಣ ಬೆರೆಸಿ ದಮ್ಮಸು ಮಾಡಿ, ಒಂದು ವಾರ ತೇವ ಆರಗೊಡಬೇಡಿ. ಸುಣ್ಣ ಜೇಡಿಯ ಜಿಗುಟು ಮುರಿದು ಉಬ್ಬುವ ಗುಣ ತಗ್ಗಿಸುತ್ತದೆ. ಮರಳು ಮಣ್ಣಿಗೆ ಹಾಕಿದರೆ ದಂಡ. ಕಣ್ಣು, ಕೈ ಜೋಪಾನ.

ಹಣ ಕಡಿಮೆಯಿದ್ದರೆ ಇಡೀ ದಾರಿಗೆ ಕೈ ಹಾಕಬೇಡಿ. ಬೇಸಿಗೆಯಲ್ಲಿ, ಗಾಡಿ ಹೂಳುವ ಆ ಒಂದು ತಗ್ಗಿನಿಂದ ಶುರು ಮಾಡಿ. ಮೊದಲು ಕಾಲುವೆ, ಆಮೇಲೆ ಮಣ್ಣು, ಜಲ್ಲಿ ಕೊನೆಗೆ.