ಒಂದೇ ಒಂದು ಹೊಡೆತ: ಅದಿತಿ ಅಶೋಕ್ ಅವರ ಕಥೆ



ಒಂದು ಪ್ರಶ್ನೆಯಿಂದ ಶುರು ಮಾಡೋಣ. ಗಾಲ್ಫ್ ಆಟದಲ್ಲಿ ಚೆಂಡನ್ನು ಜೋರಾಗಿ ಬೀಸಿ 200 ಮೀಟರ್ ದೂರ ಕಳಿಸಿದರೆ ಎಷ್ಟು ಹೊಡೆತ? ಒಂದು. ಗುಳಿಯ ಪಕ್ಕದಲ್ಲೇ ಇರುವ ಚೆಂಡನ್ನು ಮೆಲ್ಲಗೆ ತಟ್ಟಿ ಒಳಗೆ ಬೀಳಿಸಿದರೆ? ಅದೂ ಒಂದೇ! ಈ ಲೆಕ್ಕವನ್ನು ಚೆನ್ನಾಗಿ ಅರಿತವರು ನಮ್ಮ ಬೆಂಗಳೂರಿನ ಅದಿತಿ ಅಶೋಕ್. ಅವರ ಬಗ್ಗೆ ಇವತ್ತು ತಿಳಿದುಕೊಳ್ಳೋಣ.

ಮೊದಲು ಆಟದ ಲೆಕ್ಕ

ಗಾಲ್ಫ್ ಮೈದಾನದಲ್ಲಿ 18 ಗುಳಿಗಳಿರುತ್ತವೆ. ಒಂದೊಂದು ಗುಳಿಗೂ ಇಷ್ಟು ಹೊಡೆತದಲ್ಲಿ ಚೆಂಡು ಬೀಳಬೇಕು ಅಂತ ಒಂದು ಲೆಕ್ಕ ಇದೆ. ಅದಕ್ಕೆ 'ಪಾರ್' ಅಂತಾರೆ. ಪಾರ್‌ಗಿಂತ ಒಂದು ಕಡಿಮೆ ಹೊಡೆದರೆ 'ಬರ್ಡಿ', ಒಂದು ಹೆಚ್ಚಾದರೆ 'ಬೋಗಿ'. ಗುಳಿಯ ಹತ್ತಿರ ನುಣುಪಾದ ಹುಲ್ಲಿನ ಮೇಲೆ ಚೆಂಡನ್ನು ಉರುಳಿಸುವ ಹೊಡೆತಕ್ಕೆ 'ಪಟ್' ಅಂತ ಹೆಸರು. ಬೇರೆ ಆಟಗಳಲ್ಲಿ ಹೆಚ್ಚು ಅಂಕ ಬಂದವರು ಗೆಲ್ಲುತ್ತಾರೆ. ಇಲ್ಲಿ ಕಡಿಮೆ ಹೊಡೆತ ಹೊಡೆದವರೇ ಗೆಲ್ಲೋದು!

ತಿಂಡಿಗೆ ಹೋದಾಗ ಸಿಕ್ಕ ಆಟ

ಅದಿತಿ ಹುಟ್ಟಿದ್ದು 1998ರ ಮಾರ್ಚ್ 29ರಂದು, ಬೆಂಗಳೂರಿನಲ್ಲಿ. ಅವರ ಮನೆಯಲ್ಲಿ ಯಾರೂ ಗಾಲ್ಫ್ ಆಡುತ್ತಿರಲಿಲ್ಲ. ಅಪ್ಪ ಅಮ್ಮನ ಜೊತೆ ತಿಂಡಿಗೆ ಹೋಗುತ್ತಿದ್ದ ರೆಸ್ಟೋರೆಂಟಿನಿಂದ ಗಾಲ್ಫ್ ಮೈದಾನ ಕಾಣುತ್ತಿತ್ತು. ಐದು ವರ್ಷದ ಹುಡುಗಿಗೆ ಕುತೂಹಲ. ಒಂದು ದಿನ ಮೂವರೂ ಒಳಗೆ ಹೋದರು. ಅಲ್ಲಿಂದ ಶುರುವಾಯಿತು ಅಭ್ಯಾಸ.

18ನೇ ವಯಸ್ಸಿಗೆ, ಶಾಲೆ ಮುಗಿಸಿದ ವರ್ಷವೇ, 2016ರ ರಿಯೊ ಒಲಿಂಪಿಕ್ಸ್! ಮೊದಲ ಎರಡು ದಿನ 68, 68 ಹೊಡೆತಗಳ ಸೊಗಸಾದ ಆಟ. ಮುಂದಿನ ಎರಡು ದಿನ 79, 76. ಕೊನೆಗೆ ಸಿಕ್ಕಿದ್ದು 41ನೇ ಸ್ಥಾನ. ಆದರೆ ಅದೇ ವರ್ಷ ನವೆಂಬರಿನಲ್ಲಿ ಅವರು ಇಂಡಿಯನ್ ಓಪನ್ ಗೆದ್ದು, ಲೇಡೀಸ್ ಯುರೋಪಿಯನ್ ಟೂರ್‌ನಲ್ಲಿ ಪ್ರಶಸ್ತಿ ಪಡೆದ ಮೊದಲ ಭಾರತೀಯ ಮಹಿಳೆಯಾದರು.

ಟೋಕಿಯೊದ ನಾಲ್ಕು ದಿನ

2021ರ ಆಗಸ್ಟ್. ಟೋಕಿಯೊ ಒಲಿಂಪಿಕ್ಸ್. ಆಟಗಾರ್ತಿಯರು 60 ಮಂದಿ. ಅದಿತಿ ಆಗ ವಿಶ್ವದಲ್ಲಿ 200ನೇ ಸ್ಥಾನದಲ್ಲಿದ್ದರು. ಅದೂ ಅಲ್ಲದೆ ಕೆಲವು ವಾರಗಳ ಹಿಂದೆ ಕೋವಿಡ್ ಬಂದು ಮೈಯಲ್ಲಿನ ಶಕ್ತಿ ಕುಗ್ಗಿತ್ತು. ಜೊತೆಗೆ ಆಡುವವರ ಚೆಂಡು ಅವರ ಚೆಂಡಿಗಿಂತ ಎಷ್ಟೋ ಮುಂದೆ ಹೋಗಿ ಬೀಳುತ್ತಿತ್ತು.

ಹಾಗಾದರೆ ಅದಿತಿ ಏನು ಮಾಡಿದರು ಗೊತ್ತಾ? ದೂರದಲ್ಲಿ ಕಳೆದುಕೊಂಡಿದ್ದನ್ನು ಹತ್ತಿರದಲ್ಲಿ ಗಳಿಸಿದರು. ಗುಳಿಯ ಹತ್ತಿರ ಬಂದರೆ ಸಾಕು, ಪಟ್ ಮೇಲೆ ಪಟ್ ಒಳಗೆ! ಮೂರು ದಿನ ಮುಗಿದಾಗ ಅವರು ಎರಡನೇ ಸ್ಥಾನದಲ್ಲಿದ್ದರು. ಆಗಸ್ಟ್ 7ರಂದು, ಕೊನೆಯ ದಿನ, ಗಾಲ್ಫ್ ಅಂದರೇನು ಅಂತಲೇ ಗೊತ್ತಿಲ್ಲದ ಎಷ್ಟೋ ಜನ ಭಾರತದಲ್ಲಿ ಬೆಳಗಿನ ಜಾವವೇ ಎದ್ದು ಟಿವಿ ಮುಂದೆ ಕೂತರು.

ಮಳೆ ಗುಡುಗಿನಿಂದ ಆಟ ನಡುವೆ ನಿಂತು ಮತ್ತೆ ಶುರುವಾಯಿತು. ಕೊನೆಯ ಗುಳಿಯಲ್ಲಿ ಅದಿತಿಗೆ ಬರ್ಡಿ ಬೇಕಿತ್ತು. ಪಟ್ ಒಳಗೆ ಬೀಳಲಿಲ್ಲ. ಚಿನ್ನ ಅಮೆರಿಕದ ನೆಲ್ಲಿ ಕೊರ್ಡಾಗೆ, ಬೆಳ್ಳಿ ಜಪಾನಿನ ಮೊನೆ ಇನಾಮಿಗೆ, ಕಂಚು ನ್ಯೂಜಿಲೆಂಡಿನ ಲಿಡಿಯಾ ಕೋಗೆ. ಅದಿತಿ ನಾಲ್ಕನೆಯವರು. ಕಂಚಿಗೂ ಅವರಿಗೂ ಇದ್ದ ಅಂತರ, ನಾಲ್ಕು ದಿನಗಳ ಆಟದಲ್ಲಿ, ಒಂದೇ ಒಂದು ಹೊಡೆತ.

ಆಮೇಲೆ ಏನಾಯಿತು?

2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್. ಮೂರನೇ ದಿನ 61 ಹೊಡೆತಗಳ ಅದ್ಭುತ ಆಟ, ಬರೋಬ್ಬರಿ 7 ಹೊಡೆತಗಳ ಮುನ್ನಡೆ. ಚಿನ್ನ ಖಚಿತ ಅಂತ ಎಲ್ಲರೂ ಅಂದುಕೊಂಡಿದ್ದರು. ಕೊನೆಯ ದಿನ 77 ಆಯಿತು. ಚಿನ್ನ ಕೈತಪ್ಪಿ ಬೆಳ್ಳಿ ಬಂತು. ಆದರೂ ಏಷ್ಯನ್ ಗೇಮ್ಸ್‌ನಲ್ಲಿ ಪದಕ ಗೆದ್ದ ಭಾರತದ ಮೊದಲ ಮಹಿಳಾ ಗಾಲ್ಫರ್ ಅವರೇ. ಎರಡು ತಿಂಗಳೊಳಗೆ ಅವರು ಸ್ಪೇನ್ ಓಪನ್ ಗೆದ್ದರು!

ಗಾಲ್ಫ್‌ನಲ್ಲಿ ಹೊಡೆದ ಹೊಡೆತವನ್ನು ಅಳಿಸೋಕೆ ಆಗಲ್ಲ. ನಾವು ಕಂಪ್ಯೂಟರಿನಲ್ಲಿ ಮಾಡುವ ಹಾಗೆ 'ಅನ್‌ಡೂ' ಗುಂಡಿ ಅಲ್ಲಿಲ್ಲ. ಚೆಂಡು ಎಲ್ಲಿ ಬಿದ್ದಿದೆಯೋ ಅಲ್ಲಿಂದಲೇ ಮುಂದಿನ ಹೊಡೆತ.

ಪೋಷಕರಿಗೆ ಒಂದು ಮಾತು

ಆಟಗಾರರ ಚೀಲ ಹೊತ್ತು ಜೊತೆಗೆ ನಡೆಯುವವರಿಗೆ 'ಕ್ಯಾಡಿ' ಅಂತಾರೆ. ರಿಯೊದಲ್ಲಿ ಅದಿತಿಯ ಚೀಲ ಹೊತ್ತವರು ಅವರ ಅಪ್ಪ, ಟೋಕಿಯೊದಲ್ಲಿ ಅಮ್ಮ. ಕ್ಯಾಡಿ ಚೀಲ ಹೊರಬಹುದು, ಸಲಹೆ ಕೊಡಬಹುದು. ಆದರೆ ಒಂದು ಹೊಡೆತವನ್ನೂ ಹೊಡೆಯುವ ಹಾಗಿಲ್ಲ. ಮಕ್ಕಳ ಹೋಮ್‌ವರ್ಕಿಗೆ ಕೂತಾಗ, ಪೆನ್ಸಿಲ್ ಕಿತ್ತುಕೊಂಡು ನಾನೇ ಬರೆಯೋಣ ಅನ್ನಿಸಿದಾಗಲೆಲ್ಲ ನನಗೆ ಆ ಅಮ್ಮ ನೆನಪಾಗುತ್ತಾರೆ.

ಮನೆಯಲ್ಲಿ ಮಾಡಿ ನೋಡಿ

1. ಟೋಕಿಯೊದಲ್ಲಿ ದಿನದ ಪಾರ್ 71. ನಾಲ್ಕು ದಿನಕ್ಕೆ ಒಟ್ಟು ಎಷ್ಟು?
2. ಅದಿತಿಯ ಹೊಡೆತಗಳು 67, 66, 68, 68. ಒಟ್ಟು ಎಷ್ಟು? ಪಾರ್‌ಗಿಂತ ಎಷ್ಟು ಕಡಿಮೆ?
3. ನೆಲ್ಲಿ ಕೊರ್ಡಾ ಒಟ್ಟು 267. ಅದಿತಿಗೂ ಅವರಿಗೂ ಎಷ್ಟು ವ್ಯತ್ಯಾಸ?
4. ನಿಮಗೆ 'ಒಂದೇ ಒಂದು ಹೊಡೆತ'ದಲ್ಲಿ ತಪ್ಪಿಹೋದದ್ದು ಯಾವುದು? ಮರುದಿನ ನೀವು ಏನು ಮಾಡಿದಿರಿ? ಐದು ವಾಕ್ಯ ಕನ್ನಡದಲ್ಲಿ ಬರೆಯಿರಿ.

(ಉತ್ತರ: 1. 284, 2. 269, 15 ಕಡಿಮೆ, 3. ಎರಡು ಹೊಡೆತ. ನಾಲ್ಕನೆಯದಕ್ಕೆ ಉತ್ತರ ನಿಮ್ಮ ಹತ್ತಿರವೇ ಇದೆ.)